ಆಟದ ಕಂಪ್ಯೂಟರಿಗೂ ಸಾಲಾವಳಿ ಬೇಕು

ಪರೀಕ್ಷೆಯ ಫಲಿತಾಂಶ ಹೊರಬಿದ್ದಿತು. ಮಗಳು ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಳು. ಇನ್ನು ತಂದೆಯ ಸರದಿ. ಎಂಜಿನಿಯರಿಂಗ್ ಕಾಲೇಜಿಗೆ ಸೇರಿದೊಡನೆ ಮನೆಗೆ ಒಂದು ಕಂಪ್ಯೂಟರು ಬರತಕ್ಕದ್ದು, ಅದು ಪಾಠಕ್ಕಷ್ಟೇ ಅಲ್ಲದೆ ಆಟಕ್ಕೂ ಒದಗತಕ್ಕದ್ದು ಎಂದು ಎರಡು ವರ್ಷಗಳ ಹಿಂದೆಯೇ ಒಪ್ಪಂದವಾಗಿತ್ತು. ಆದರೆ ಮಗಳು ತಂದು ಮುಂದಿಟ್ಟ ಕಾಗದವನ್ನು ನೋಡಿದಾಗ ತಂದೆಯವರ ಹುಬ್ಬು ಮೇಲೇರಿತು. ಅದರಲ್ಲಿ ಕಂಪ್ಯೂಟರೆಂಬ ಶಬ್ದವೇ ಇರಲಿಲ್ಲ! ಎಂಟು ಸಾಲುಗಳಲ್ಲಿ ಎಂಟು ಬಿಡಿಭಾಗಗಳ ಹೆಸರುಗಳಿದ್ದವು.

“ಇದೇನಮ್ಮ, ಗಾಡಿ ಬೇಕು ಅಂದವಳು ಚಕ್ರ, ಅಚ್ಚು, ನೊಗ ಅಂತ ಪಟ್ಟಿ ಕೊಟ್ಟಿದ್ದೀಯಲ್ಲ?”

“ಬಿಡಿಬಿಡಿಯಾಗಿ ಕೊಂಡರೆ ಬೇಕಾದ ಕಡೆ ಹಣ ಹಾಕಬಹುದು ಅಪ್ಪ. ಮುಂದೆ ಒಂದು ಭಾಗ ಹಳತಾದರೆ ಅದೊಂದನ್ನೇ ಬದಲಾಯಿಸಿದರೆ ಸಾಕು.”

ಒಳಗಿನಿಂದ ಬಂದ ತಾಯಿ ಕಾಗದವನ್ನು ಕೈಗೆತ್ತಿಕೊಂಡರು. ಖರ್ಚಾಗಲಿದ್ದುದು ಅವರು ಚೀಟಿ ಕಟ್ಟಿ ಎತ್ತಿದ 1,20,000 ರೂಪಾಯಿ. “ಏನು ಅರೆಯಬೇಕು ಅಂತ ಗೊತ್ತಿಲ್ಲದೆ ಯಾರಾದರೂ ಮಿಕ್ಸಿ ಕೊಳ್ಳುತ್ತಾರೆಯೇ? ನೀನು ಯಾವ ಆಟ ಆಡುತ್ತೀ, ಅದನ್ನು ಮೊದಲು ಹೇಳು,” ಎಂದರು.

ಪ್ರಶ್ನೆ ಸರಳವಾಗಿತ್ತು. ಆದರೆ ಪಟ್ಟಿಯನ್ನು ಬರೆಯುವಾಗ ಮಗಳಿಗೆ ಅದೊಂದೇ ಹೊಳೆದಿರಲಿಲ್ಲ. ಹೆಸರಾಂತ ಎಂಟು ಹುಲಿಗಳಿದ್ದ ಅತ್ಯಂತ ದುಬಾರಿ ಪ್ರೊಸೆಸರನ್ನು ಅವಳು ಮೊದಲ ಸಾಲಿನಲ್ಲಿ ಬರೆದಿದ್ದಳು. ಅದಕ್ಕೇ ಹಣದ ದೊಡ್ಡ ಪಾಲು ಹೋಗಿ, ಗ್ರಾಫಿಕ್ಸ್ ಕಾರ್ಡಿಗೆ ಉಳಿದದ್ದು ಸ್ವಲ್ಪ. ಕಡೆಯ ಸಾಲಿನ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಯ ಎದುರಿಗೆ “ಯಾವುದಾದರೂ ಸರಿ” ಎಂದಿತ್ತು. ಪರದೆಯ ಹೆಸರಂತೂ ಇರಲೇ ಇಲ್ಲ. ಮನೆಯಲ್ಲಿದ್ದ ಹಳೆಯ ಮಾನಿಟರೇ ಸಾಕೆಂದು ಬಿಟ್ಟಿದ್ದಳು. ಇಂಥ ಪಟ್ಟಿಗಳು ಇಂದು ಅನೇಕ ಮನೆಗಳಲ್ಲಿ ಸಿದ್ಧವಾಗುತ್ತಿವೆ. ಅವುಗಳಲ್ಲಿ ಹಲವು ಇದೇ ರೀತಿಯಲ್ಲಿ ತಪ್ಪಾಗಿರುತ್ತವೆ.

ಭಾಗಗಳು ಕೂಡಿಬಂದ ಕಥೆ

ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ದೇಶಗಳಲ್ಲಿ ತಯಾರಿಸಿದ ವಸ್ತುಗಳು ಬೆಂಗಳೂರಿನ ಒಂದು ಮನೆಯ ಊಟದ ಮೇಜಿನ ಮೇಲೆ ಒಂದಕ್ಕೊಂದು ಹೊಂದಿಕೊಳ್ಳುವುದಾದರೂ ಹೇಗೆ? ಇದರ ಮೂಲ 1981ರಲ್ಲಿದೆ. ಆ ವರ್ಷದ ಆಗಸ್ಟಿನಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಿತು. ಅದರ ಮುಖ್ಯ ಭಾಗಗಳನ್ನು ಸಂಸ್ಥೆಯು ಹೊರಗಿನವರಿಂದಲೇ ಕೊಂಡಿತ್ತು. ಯಂತ್ರದ ರಚನೆಯ ವಿವರಗಳನ್ನೂ ಪ್ರಕಟಿಸಿತ್ತು. ಆದುದರಿಂದ ಇತರರು ಅದೇ ಮಾದರಿಯ ಯಂತ್ರಗಳನ್ನೂ, ಅದಕ್ಕೆ ಹೊಂದುವ ಕಾರ್ಡುಗಳನ್ನೂ ಮಾಡಲು ಸಾಧ್ಯವಾಯಿತು. 1995ರಲ್ಲಿ ಇಂಟೆಲ್ ಸಂಸ್ಥೆಯು ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು. ಮದರ್‌ಬೋರ್ಡಿನ ಉದ್ದಗಲ, ಸ್ಕ್ರೂಗಳ ಸ್ಥಾನ, ವಿದ್ಯುತ್ ಜೋಡಣೆ ಎಲ್ಲವೂ ಅದರಿಂದ ಒಂದು ಕಟ್ಟಿಗೆ ಬಂದವು. ಇಂದಿಗೂ ಪೂರ್ಣ ಗಾತ್ರದ ಬೋರ್ಡು 305 ಮಿಲಿಮೀಟರ್ ಉದ್ದ, 244 ಮಿಲಿಮೀಟರ್ ಅಗಲವಿರುವುದು ಆ ಕಟ್ಟಳೆಯಿಂದಲೇ.

ಆಟಗಳು ಈ ಯಂತ್ರಕ್ಕೆ ಹೊಸ ಅಂಗವೊಂದನ್ನೇ ಕೊಟ್ಟವು. 1993ರ ‘ಡೂಮ್’ ಆಟದಲ್ಲಿ ಚಿತ್ರ ಬರೆಯುವ ಹೊರೆಯೆಲ್ಲ ಪ್ರೊಸೆಸರಿನ ಮೇಲೆಯೇ ಇತ್ತು. 1996ರಲ್ಲಿ ಬಂದ ತ್ರೀಡಿಎಫ್ಎಕ್ಸ್ ಕಂಪನಿಯ ‘ವೂಡೂ’ ಕಾರ್ಡು ಮೂರು ಆಯಾಮದ ಚಿತ್ರಗಳ ಕೆಲಸವನ್ನಷ್ಟೇ ಹೊತ್ತುಕೊಂಡಿತು. 1999ರಲ್ಲಿ ಎನ್‌ವಿಡಿಯ ಸಂಸ್ಥೆಯು ತನ್ನ ‘ಜಿಫೋರ್ಸ್ 256’ ಕಾರ್ಡನ್ನು ಜಿಪಿಯು ಎಂಬ ಹೆಸರಿನಿಂದ ಮಾರಿತು. ಅಂದಿನಿಂದ ಆಟದ ಕಂಪ್ಯೂಟರಿನಲ್ಲಿ ದುಡಿಯುವವರು ಇಬ್ಬರು: ಆಲೋಚಿಸುವ ಪ್ರೊಸೆಸರು ಮತ್ತು ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡು.

ಮೊದಲು ಪರದೆ

ತಾಯಿಯ ಪ್ರಶ್ನೆಗೆ ಮಗಳು ಎರಡು ಆಟಗಳ ಹೆಸರು ಹೇಳಿದಳು. ಗೆಳತಿಯರೊಡನೆ ಆಡುವುದಕ್ಕೆ ‘ವ್ಯಾಲೊರಂಟ್’. ಒಬ್ಬಳೇ ಆಡುವುದಕ್ಕೆ ‘ಸೈಬರ್‌ಪಂಕ್ 2077’. ಎರಡೂ 2020ರಲ್ಲಿ ಬಂದ ಆಟಗಳು; ಆದರೆ ಸ್ವಭಾವದಲ್ಲಿ ಒಂದಕ್ಕೊಂದು ತೀರ ಬೇರೆ. ಮೊದಲನೆಯದು ಸಾಧಾರಣ ಯಂತ್ರದಲ್ಲಿಯೂ ಓಡುವಂತೆ ರಚಿಸಿದ್ದು. ಅಲ್ಲಿ ಚಿತ್ರದ ಚೆಲುವಿಗಿಂತ ಕಣ್ಣು ಕೈಗಳ ವೇಗ ಮುಖ್ಯ. ಎರಡನೆಯದು ಒಂದು ಇಡೀ ನಗರವನ್ನೇ ಬೆಳಕು ನೆರಳುಗಳೊಡನೆ ಕಟ್ಟಿ ತೋರಿಸುತ್ತದೆ. ಅದರ ಭಾರ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ.

ಆಟ ಯಾವುದೆಂದು ಗೊತ್ತಾದ ಮೇಲೆ ನಿರ್ಧರಿಸಬೇಕಾದುದು ಪರದೆಯನ್ನು. ಏಕೆಂದರೆ ಯಂತ್ರವು ಎಷ್ಟು ದುಡಿಯಬೇಕೆಂಬುದನ್ನು ಗೊತ್ತುಮಾಡುವುದು ಪರದೆಯೇ. ಪರದೆಯ ಚಿತ್ರವೆಂಬುದು ಚುಕ್ಕಿಗಳ ರಂಗೋಲಿ. 1920 ಅಡ್ಡ ಚುಕ್ಕಿ, 1080 ಉದ್ದ ಚುಕ್ಕಿಗಳ ಸಾಮಾನ್ಯ ಪರದೆಯಲ್ಲಿ ಒಟ್ಟು 20,73,600 ಚುಕ್ಕಿಗಳಿರುತ್ತವೆ. 2560 ಮತ್ತು 1440ರ ಪರದೆಯಲ್ಲಿ 36,86,400. 4ಕೆ ಎಂದು ಕರೆಯುವ ಪರದೆಯಲ್ಲಿ 82,94,400, ಎಂದರೆ ಮೊದಲನೆಯದರ ಸರಿಯಾಗಿ ನಾಲ್ಕರಷ್ಟು. ಈ ರಂಗೋಲಿಯನ್ನು ಒಂದು ಸಲ ಬರೆದರೆ ಸಾಲದು. 60 ಹರ್ಟ್ಸಿನ ಪರದೆಗೆ ಸೆಕೆಂಡಿಗೆ 60 ಸಲ, 144 ಹರ್ಟ್ಸಿನ ಪರದೆಗೆ 144 ಸಲ ಅಳಿಸಿ ಬರೆಯಬೇಕು. ಒಂದು ಚಿತ್ರಕ್ಕೆ ಮೊದಲನೆಯದರಲ್ಲಿ ದೊರೆಯುವ ಕಾಲ ಸೆಕೆಂಡಿನ ಸಾವಿರದಲ್ಲಿ ಸುಮಾರು 17 ಭಾಗ. ಎರಡನೆಯದರಲ್ಲಿ 7 ಭಾಗ ಮಾತ್ರ.

ಲೆಕ್ಕ ಹಾಕಿದರೆ ವಿಚಿತ್ರವೊಂದು ಕಾಣುತ್ತದೆ. 4ಕೆ ಪರದೆಯಲ್ಲಿ ಸೆಕೆಂಡಿಗೆ 60 ಚಿತ್ರಗಳನ್ನು ಬರೆಯಲು ಸುಮಾರು 50 ಕೋಟಿ ಚುಕ್ಕಿಗಳು ಬೇಕು. 1440ರ ಪರದೆಯಲ್ಲಿ 144 ಚಿತ್ರಗಳನ್ನು ಬರೆಯಲು 53 ಕೋಟಿ! ಚಿಕ್ಕದೆಂದು ತೋರುವ ಪರದೆಯೇ ಇಲ್ಲಿ ಹೆಚ್ಚು ದುಡಿಮೆಯನ್ನು ಬೇಡುತ್ತದೆ.

ಮನೆಯ ಹಳೆಯ ಮಾನಿಟರು 60 ಹರ್ಟ್ಸಿನದು. ಮಗಳ ಪಟ್ಟಿಯ ಪ್ರಕಾರವೇ ಕೊಂಡಿದ್ದರೆ, ದುಬಾರಿ ಪ್ರೊಸೆಸರು ವ್ಯಾಲೊರಂಟ್ ಆಟದಲ್ಲಿ ಸೆಕೆಂಡಿಗೆ 300 ಚಿತ್ರಗಳನ್ನು ಸಿದ್ಧಪಡಿಸಿದರೂ ಪರದೆ ತೋರಿಸುತ್ತಿದ್ದುದು 60 ಮಾತ್ರ. ಹೀಗಾಗಿ ಹೊಸ ಪಟ್ಟಿಯ ಮೊದಲ ಸಾಲಿಗೆ ಪರದೆಯೇ ಬಂದಿತು: 1080ರ, 144 ಹರ್ಟ್ಸಿನದು. ಅದಕ್ಕೆ ಬೇಕಾದುದು ಸೆಕೆಂಡಿಗೆ ಸುಮಾರು 30 ಕೋಟಿ ಚುಕ್ಕಿಗಳು; ಮಧ್ಯಮ ತರಗತಿಯ ಕಾರ್ಡಿಗೆ ಅದು ನಿಲುಕುವಂಥದು.

ಜೋಡೆತ್ತುಗಳು

ಒಂದು ನೊಗಕ್ಕೆ ಕಟ್ಟಿದ ಎರಡೆತ್ತುಗಳಲ್ಲಿ ಒಂದು ಬಲವಾಗಿಯೂ ಮತ್ತೊಂದು ನಿಧಾನವಾಗಿಯೂ ಇದ್ದರೆ ಗಾಡಿಯ ವೇಗ ನಿಧಾನದ ಎತ್ತಿನದೇ. ಪ್ರೊಸೆಸರಿನ ಮತ್ತು ಗ್ರಾಫಿಕ್ಸ್ ಕಾರ್ಡಿನ ಸಂಬಂಧವೂ ಅಂಥದೇ. ಪ್ರತಿಯೊಂದು ಚಿತ್ರಕ್ಕೂ ಮೊದಲು ಪ್ರೊಸೆಸರು ಲೆಕ್ಕ ಮಾಡಬೇಕು: ಎದುರಾಳಿ ಎಲ್ಲಿದ್ದಾನೆ, ಗುಂಡು ಎತ್ತ ಹೋಯಿತು, ಗೋಡೆ ಬಿದ್ದಿತೇ? ಆಮೇಲೆ ಕಾರ್ಡು ಚಿತ್ರ ಬರೆಯಬೇಕು. ಪ್ರೊಸೆಸರು ಸೆಕೆಂಡಿಗೆ 80 ಚಿತ್ರಗಳಿಗೆ ಸಾಕಾಗುವಷ್ಟು ಲೆಕ್ಕ ಮಾಡಿ, ಕಾರ್ಡು 140 ಬರೆಯಬಲ್ಲದಾದರೆ, ಕಣ್ಣಿಗೆ ಕಾಣುವುದು 80. ಉಳಿದ ಶಕ್ತಿಗೆ ಕೊಟ್ಟ ಹಣ ವ್ಯರ್ಥ.

ಮನೆಯಲ್ಲಿ ಈಗಾಗಲೇ ಒಂದು ಯಂತ್ರವಿದ್ದು, ಯಾವ ಎತ್ತು ಸೋತಿದೆಯೆಂದು ತಿಳಿಯಬೇಕಾದರೆ ಸುಲಭದ ಪರೀಕ್ಷೆಯೊಂದಿದೆ. ಆಟದ ಸೆಟ್ಟಿಂಗಿನಲ್ಲಿ ಚುಕ್ಕಿಗಳ ಸಂಖ್ಯೆಯನ್ನು ತಗ್ಗಿಸಬೇಕು. ಚಿತ್ರಗಳ ವೇಗ ಏರಿದರೆ, ಸೋತಿದ್ದುದು ಕಾರ್ಡು. ಏರದಿದ್ದರೆ ಸಾಮಾನ್ಯವಾಗಿ ಪ್ರೊಸೆಸರು. ಅಂಥ ಮನೆಯಲ್ಲಿ ಹೊಸ ಕಾರ್ಡು ತಂದು ಪ್ರಯೋಜನವಿಲ್ಲ.

ಆಟಕ್ಕೆಂದೇ ಕೂಡಿಸುವ ಯಂತ್ರದಲ್ಲಿ, ಪರದೆಯನ್ನು ಬಿಟ್ಟು ಉಳಿದ ಹಣದ ನೂರರಲ್ಲಿ 35ರಿಂದ 40 ಭಾಗ ಗ್ರಾಫಿಕ್ಸ್ ಕಾರ್ಡಿಗೆ, ಅದರ ಅರ್ಧದಷ್ಟು ಪ್ರೊಸೆಸರಿಗೆ ಎಂಬುದು ಅನುಭವಸ್ಥರ ಸ್ಥೂಲ ಲೆಕ್ಕ. ಆರು ಹುಲಿಗಳ, ಎಂದರೆ ಆರು ಕೋರುಗಳ ಹೊಸ ಪ್ರೊಸೆಸರು ಬಹುಪಾಲು ಆಟಗಳಿಗೆ ಸಾಕು. ಎಎಂಡಿಯ ‘ರೈಜನ್ 7 7800ಎಕ್ಸ್3ಡಿ’ಯಂಥವು 96 ಎಂಬಿ ಎಲ್3 ಕ್ಯಾಶ್ ಎಂಬ ಹತ್ತಿರದ ಉಗ್ರಾಣವನ್ನಿಟ್ಟುಕೊಂಡು ಆಟಗಳಲ್ಲಿ ಮೇಲುಗೈ ಪಡೆದಿರುವುದು ನಿಜ. ಆದರೆ ಅದರ ಲಾಭ ಕಾಣಬೇಕಾದರೆ ಕಾರ್ಡೂ ಅದಕ್ಕೆ ತಕ್ಕಷ್ಟು ದೊಡ್ಡದಿರಬೇಕು.

ಕಾರ್ಡನ್ನು ಆರಿಸುವಾಗ ಹೆಸರಿನೊಡನೆ ಅದರ ಮೆಮೊರಿಯನ್ನೂ ನೋಡತಕ್ಕದ್ದು. 2025ರಲ್ಲಿ ಬಂದ ‘ಆರ್‌ಟಿಎಕ್ಸ್ 5060 ಟಿಐ’ ಮತ್ತು ‘ಆರ್‌ಎಕ್ಸ್ 9060 ಎಕ್ಸ್‌ಟಿ’ ಎರಡೂ 8 ಜಿಬಿ, 16 ಜಿಬಿ ಎಂಬ ಎರಡು ಬಗೆಗಳಲ್ಲಿ ಮಾರಾಟವಾಗುತ್ತವೆ. ಪೆಟ್ಟಿಗೆಯ ಮೇಲಿನ ಹೆಸರು ಒಂದೇ. ಬಾಳಿಕೆ ಒಂದೇ ಅಲ್ಲ. ಗೋಡೆ, ಬಟ್ಟೆ, ಮುಖಗಳ ಮೇಲ್ಮೈ ಚಿತ್ರಗಳೆಲ್ಲ ಈ ಮೆಮೊರಿಯಲ್ಲಿ ಹಿಡಿಸಬೇಕು. ಹಿಡಿಸದಿದ್ದಾಗ ಕಾರ್ಡು ಅವನ್ನು ಕಂಪ್ಯೂಟರಿನ ರ‍್ಯಾಮಿನಿಂದ ತರಿಸಿಕೊಳ್ಳಬೇಕಾಗುತ್ತದೆ, ಆಟ ತಡವರಿಸತೊಡಗುತ್ತದೆ. ಪ್ರೊಸೆಸರಿನಲ್ಲಿ ಉಳಿದ ಹಣದಿಂದ ಈ ಮನೆಯವರು 16 ಜಿಬಿಯ ಕಾರ್ಡನ್ನು ಬರೆದುಕೊಂಡರು.

ಸಾಲಾವಳಿ ನೋಡುವ ಕ್ರಮ

ಬಿಡಿಯಾಗಿ ನೋಡಿದರೆ ಗಂಡೂ ಒಳ್ಳೆಯವನು, ಹೆಣ್ಣೂ ಒಳ್ಳೆಯವಳು. ಆದರೂ ಹಿರಿಯರು ಜಾತಕ ಕೂಡಿಸಿ ಸಾಲಾವಳಿ ನೋಡುತ್ತಾರೆ. ಬಿಡಿಭಾಗಗಳ ವಿಷಯದಲ್ಲಿಯೂ ಈ ಕ್ರಮವನ್ನು ಬಿಡುವಂತಿಲ್ಲ. ಅಲ್ಲಿ ನೋಡಬೇಕಾದ ಕೂಟಗಳು ಮುಖ್ಯವಾಗಿ ಮೂರು.

ಮೊದಲನೆಯದು ಪ್ರೊಸೆಸರಿನ ಮತ್ತು ಮದರ್‌ಬೋರ್ಡಿನ ಕೂಟ. ಎಎಂಡಿಯ ಪ್ರೊಸೆಸರು ಇಂಟೆಲ್ ಬೋರ್ಡಿನಲ್ಲಿ ಕೂರುವುದಿಲ್ಲ. ಒಂದೇ ಕಂಪನಿಯದಾದರೂ ತಲೆಮಾರು ಬೇರೆಯಾದರೆ ಸಾಕೆಟ್ಟು ಬೇರೆಯಾಗಬಹುದು. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟು 2021ರಿಂದ ಮೂರು ತಲೆಮಾರುಗಳಿಗೆ ನಡೆಯಿತು. 2024ರಲ್ಲಿ ಅದರ ಸ್ಥಾನಕ್ಕೆ ಎಲ್‌ಜಿಎ 1851 ಬಂದಿತು. ಎಎಂಡಿಯ ಎಎಂ4 ಬೋರ್ಡುಗಳ ಚರಿತ್ರೆ ಇದಕ್ಕಿಂತ ದೀರ್ಘವಾದುದು. 2017ರಲ್ಲಿ ಕೊಂಡ ಅನೇಕ ಬೋರ್ಡುಗಳಿಗೆ 2022ರ ಪ್ರೊಸೆಸರನ್ನು ಕೂಡಿಸಲು ಸಾಧ್ಯವಾಯಿತು. 2022ರಲ್ಲಿ ಆರಂಭವಾದ ಎಎಂ5 ಸಾಕೆಟ್ಟನ್ನು 2027ರವರೆಗೂ ಅದರಾಚೆಗೂ ನಡೆಸುವುದಾಗಿ ಆ ಕಂಪನಿ ಹೇಳಿದೆ. ನಾಲ್ಕಾರು ವರ್ಷಗಳ ಅನಂತರ ಪ್ರೊಸೆಸರನ್ನಷ್ಟೇ ಬದಲಾಯಿಸುವ ಯೋಚನೆಯುಳ್ಳವರಿಗೆ ಈ ಮಾತಿಗೆ ಬೆಲೆಯಿದೆ. ಬೋರ್ಡು ತಯಾರಾದ ಮೇಲೆ ಬಂದ ಪ್ರೊಸೆಸರಾದರೆ, ಬೋರ್ಡಿನ ಬಯಾಸನ್ನು ಹೊಸದು ಮಾಡಿಸದೆ ಅದು ಗುರುತು ಹಿಡಿಯದಿರಬಹುದು. ಅಂಗಡಿಯಲ್ಲಿಯೇ ಇದನ್ನು ಕೇಳಿ ತಿಳಿಯುವುದು ಲೇಸು.

ಎರಡನೆಯದು ಬೋರ್ಡಿನ ಮತ್ತು ರ‍್ಯಾಮಿನ ಕೂಟ. ಡಿಡಿಆರ್4 ಪಟ್ಟಿ ಡಿಡಿಆರ್5 ಗೂಡಿನಲ್ಲಿ ಹೋಗುವುದಿಲ್ಲ. ಒತ್ತಾಯಿಸಿದರೆ ಗೂಡೇ ಮುರಿದೀತು. ಎಎಂ5 ಬೋರ್ಡಿಗೆ ಡಿಡಿಆರ್5 ಮಾತ್ರ. 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಮೇಲು. ಎರಡು ದಾರಿಗಳಲ್ಲಿ ಏಕಕಾಲಕ್ಕೆ ಸಾಗಣೆ ನಡೆಯುತ್ತದೆ. ಹಣವಿದ್ದವರಿಗೆ 32 ಜಿಬಿ ನಿರಾತಂಕ. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದಾಗಿ ರ‍್ಯಾಮಿನ ಬೆಲೆ ಬಹಳವಾಗಿ ಏರಿತು. ಬೆಲೆ ಹೀಗೆ ಏರಿಳಿಯುವ ವಸ್ತುವಾದುದರಿಂದ ಕೊಳ್ಳುವ ವಾರದ ದರವನ್ನು ನೋಡಿಯೇ ಪಟ್ಟಿಯನ್ನು ಅಂತಿಮಗೊಳಿಸಬೇಕು.

ಮೂರನೆಯದು ಕಾರ್ಡಿನ ಮತ್ತು ಕ್ಯಾಬಿನೆಟ್ಟಿನ ಕೂಟ. ಇಂದಿನ ಕಾರ್ಡುಗಳಲ್ಲಿ ಕೆಲವು ಒಂದಡಿಗಿಂತ ಉದ್ದವಾಗಿವೆ. ಕ್ಯಾಬಿನೆಟ್ಟಿನ ಒಳಗೆ ಎಷ್ಟು ಉದ್ದದ ಕಾರ್ಡು, ಎಷ್ಟು ಎತ್ತರದ ಕೂಲರು ಹಿಡಿಯುವುದೆಂದು ಅದರ ವಿವರಗಳಲ್ಲಿ ಮಿಲಿಮೀಟರುಗಳಲ್ಲಿ ಕೊಟ್ಟಿರುತ್ತಾರೆ. ಬಣ್ಣದ ದೀಪಗಳಿಗೆ ಮರುಳಾಗಿ ಮುಂಭಾಗವೆಲ್ಲ ಗಾಜಿನಿಂದ ಮುಚ್ಚಿದ, ಗಾಳಿಗೆ ಬೇರೆ ದಾರಿಯಿಲ್ಲದ ಕ್ಯಾಬಿನೆಟ್ಟನ್ನು ಕೊಂಡವರು ಬೇಸಗೆಯಲ್ಲಿ ಪಶ್ಚಾತ್ತಾಪಪಡುತ್ತಾರೆ. ಬಿಸಿ ಮೇರೆ ಮೀರಿದೊಡನೆ ಪ್ರೊಸೆಸರೂ ಕಾರ್ಡೂ ತಮ್ಮನ್ನು ರಕ್ಷಿಸಿಕೊಳ್ಳಲು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಮುಂದೆ ಜಾಲರಿ, ಎರಡು ಫ್ಯಾನು ಗಾಳಿಯನ್ನು ಒಳಕ್ಕೆಳೆಯಲು, ಹಿಂದೆ ಒಂದು ಹೊರದೂಡಲು ಇದ್ದರೆ ಸಾಕು.

ದಾಸ್ತಾನಿನ ವಿಷಯದಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ಹಳೆಯ ಹಾರ್ಡ್ ಡಿಸ್ಕು ಸೆಕೆಂಡಿಗೆ ಸುಮಾರು 150ರಿಂದ 200 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ 550ನ್ನೂ, ಬೋರ್ಡಿನ ಮೇಲೆಯೇ ಕೂರುವ ಎನ್‌ವಿಎಂಇ ಎಸ್‌ಎಸ್‌ಡಿಗಳಲ್ಲಿ ವೇಗವಾದವು 7000ವನ್ನೂ ಮುಟ್ಟುತ್ತವೆ. ಆದರೂ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಆಗುವ ಬೆರಗು, ಒಂದು ಎಸ್‌ಎಸ್‌ಡಿಯಿಂದ ಮತ್ತೊಂದಕ್ಕೆ ಹೋದಾಗ ಆಗುವುದಿಲ್ಲ. ಆದುದರಿಂದ ಅತಿವೇಗದ 500 ಜಿಬಿಗಿಂತ ಸಾಧಾರಣ ವೇಗದ 1 ಟಿಬಿ ಹೆಚ್ಚು ಉಪಯುಕ್ತ. ಸೈಬರ್‌ಪಂಕ್ ಒಂದೇ 70 ಜಿಬಿ ಸ್ಥಳ ಬೇಡುತ್ತದೆ. 100 ಜಿಬಿ ಮೀರುವ ಆಟಗಳೂ ಅನೇಕ.

“ಯಾವುದಾದರೂ ಸರಿ” ಅಲ್ಲ

ಮಗಳ ಪಟ್ಟಿಯಲ್ಲಿದ್ದ ಅತಿ ದೊಡ್ಡ ಅಪಾಯವು ಕಡೆಯ ಸಾಲಿನಲ್ಲಿತ್ತು. ಎಸ್‌ಎಂಪಿಎಸ್ ಆಟದ ವೇಗವನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ. ಆದುದರಿಂದಲೇ ಎಲ್ಲರೂ ಅಲ್ಲಿ ಹಣ ಉಳಿಸಲು ನೋಡುತ್ತಾರೆ. ಆದರೆ ಗೋಡೆಯಿಂದ ಬರುವ 230 ವೋಲ್ಟನ್ನು 12 ವೋಲ್ಟು ಮೊದಲಾದ ಹದಕ್ಕಿಳಿಸಿ ಉಳಿದ ಏಳು ಭಾಗಗಳಿಗೂ ಬಡಿಸುವುದು ಇದೇ. ಒಳ್ಳೆಯ ಪೆಟ್ಟಿಗೆಯಲ್ಲಿ ಅಧಿಕ ವೋಲ್ಟೇಜು, ಅಧಿಕ ಹೊರೆ, ಶಾರ್ಟ್ ಸರ್ಕ್ಯೂಟ್ ಇವುಗಳಿಂದ ಕಾಪಾಡುವ ಏರ್ಪಾಡಿರುತ್ತದೆ. ಕೆಡುವಾಗ ತಾನೊಂದೇ ಕೆಡುತ್ತದೆ. ಕಳಪೆಯದು ಕೆಡುವಾಗ ಬೋರ್ಡು, ಕಾರ್ಡುಗಳನ್ನೂ ಕೂಡಿಕೊಂಡು ಹೋಗಬಹುದು. ಕೆಲವು ಸಾವಿರ ರೂಪಾಯಿಗಳನ್ನು ಉಳಿಸಲು ಹೋಗಿ ಲಕ್ಷ ರೂಪಾಯಿಯ ವಸ್ತುವನ್ನು ಒತ್ತೆಯಿಟ್ಟಂತೆ ಅದು.

ಎಷ್ಟು ವಾಟ್ ಬೇಕೆಂಬುದಕ್ಕೆ ಕೂಡುವ ಲೆಕ್ಕ ಸಾಕು. ‘ರೈಜನ್ 5 7600’ರಂಥ ಪ್ರೊಸೆಸರು 88 ವಾಟ್‌ವರೆಗೆ, 5060 ಟಿಐ ಕಾರ್ಡು 180 ವಾಟ್, ಉಳಿದವುಗಳಿಗೆ ಸುಮಾರು 60 ಎಂದಿಟ್ಟುಕೊಂಡರೆ ಒಟ್ಟು 330ರ ಸುಮಾರು. ಕಾರ್ಡು ಕ್ಷಣಮಾತ್ರ ಹೆಚ್ಚಿಗೆ ಎಳೆಯುವುದುಂಟು. ಮುಂದೆ ದೊಡ್ಡ ಕಾರ್ಡು ಬರಲೂಬಹುದು. ಆದುದರಿಂದ 600 ಅಥವಾ 650 ವಾಟಿನ ಪೆಟ್ಟಿಗೆ ತಕ್ಕುದು. ಅದರ ಮೇಲಿನ ‘80 ಪ್ಲಸ್’ ಮುದ್ರೆಯ ಕಂಚು, ಚಿನ್ನಗಳು ವಿದ್ಯುತ್ತಿನ ಮಿತವ್ಯಯವನ್ನು ಮಾತ್ರ ಹೇಳುತ್ತವೆ. 115 ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಹೊರೆಯಿರುವಾಗ ಕಂಚಿಗೆ ನೂರಕ್ಕೆ 85, ಚಿನ್ನಕ್ಕೆ 90. ರಕ್ಷಣೆಯ ಏರ್ಪಾಡು ಹೇಗಿದೆಯೆಂಬುದನ್ನು ಆ ಮುದ್ರೆ ಹೇಳುವುದಿಲ್ಲ. ಅದಕ್ಕೆ ಪೆಟ್ಟಿಗೆಯ ವಿವರಗಳನ್ನೂ ವಾರಂಟಿಯ ವರ್ಷಗಳನ್ನೂ ನೋಡಬೇಕು.

ಕರೆಂಟು ಹೋಗುವ ಊರಿನಲ್ಲಿ ಯುಪಿಎಸ್ ಕೂಡ ಇದೇ ಲೆಕ್ಕಕ್ಕೆ ಸೇರಿದ್ದು. 600 ವಿಎ ಎಂದು ಬರೆದ ಸಾಮಾನ್ಯ ಯುಪಿಎಸ್ ಕೊಡುವುದು 360 ವಾಟ್ ಮಾತ್ರ. ಪರದೆಯೂ ಸೇರಿದರೆ ಅದು ಸಾಲದು. 1000 ವಿಎ ಬೇಕಾಗುತ್ತದೆ.

ಎಸ್.ಪಿ. ರಸ್ತೆಯಲ್ಲಿ

ಒಂದು ಶನಿವಾರ ಮೂವರೂ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರು. ಎಲೆಕ್ಟ್ರಾನಿಕ್ ಸಾಮಾನುಗಳ ಅಂಗಡಿಗಳು ಒತ್ತೊತ್ತಾಗಿರುವ ಆ ಬೀದಿಯಲ್ಲಿ ಎರಡು ಮೂರು ಕಡೆ ವಿಚಾರಿಸದೆ ಕೊಳ್ಳುವವರು ವಿರಳ. ಒಂದು ಅಂಗಡಿಯಲ್ಲಿ, ಬಿಲ್ಲು ಬೇಡವೆಂದರೆ ಬೆಲೆ ಇಳಿಸುವ ಮಾತು ಬಂದಿತು. ತಾಯಿ ಅಲ್ಲಿ ನಿಲ್ಲಲಿಲ್ಲ. ಬಿಲ್ಲಿಲ್ಲದ ವಸ್ತು ಕೆಟ್ಟಾಗ ವಾರಂಟಿ ಕೇಳಲು ಕೈಯಲ್ಲಿ ಆಧಾರವಿರುವುದಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ವಸ್ತುವಿನ ಸೀರಿಯಲ್ ನಂಬರು ಬರೆದಿರಬೇಕು. ಪೆಟ್ಟಿಗೆಯ ಮೇಲಿನ ನಂಬರಿಗೆ ಅದು ತಾಳೆಯಾಗಬೇಕು.

ಇನ್ನೊಂದೆಡೆ ಬಳಸಿದ ಕಾರ್ಡೊಂದು ಅರ್ಧ ಬೆಲೆಗೆ ದೊರೆಯುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯದ ‘ಗಣಿಗಾರಿಕೆ’ ನಿಂತುಹೋದ ಮೇಲೆ, ಹಗಲಿರುಳು ದುಡಿದ ಕಾರ್ಡುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದಿದ್ದವು. ಬಳಸಿದ ಕಾರ್ಡುಗಳೆಲ್ಲ ಕೆಟ್ಟವೆಂದಲ್ಲ. ಆದರೆ ಕಣ್ಣೆದುರಿಗೆ ಅರ್ಧ ಗಂಟೆ ಆಟ ಓಡಿಸಿ ತೋರಿಸದ, ವಾರಂಟಿ ಉಳಿಯದ ಕಾರ್ಡನ್ನು ಮನೆಯ ಉಳಿತಾಯದಿಂದ ಕೊಳ್ಳುವುದು ಜಾಣತನವಲ್ಲ. ಮೂವರೂ ಹೊಸದನ್ನೇ ತಂದರು.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಜೋಡಣೆ ನಡೆಯಿತು. ಪ್ರೊಸೆಸರಿನ ಮೂಲೆಯ ಗುರುತನ್ನು ಸಾಕೆಟ್ಟಿನ ಗುರುತಿಗೆ ಸರಿಹೊಂದಿಸಿ, ಒತ್ತದೆ, ಇಳಿಬಿಟ್ಟರು. ಸಾಕೆಟ್ಟಿನ ಕೂದಲೆಳೆಯಂಥ ಕಡ್ಡಿಗಳು ಬಾಗಿದರೆ ಬೋರ್ಡೇ ಹೋದಂತೆ. ಸಂಜೆಗೆ ಯಂತ್ರ ಎದ್ದಿತು, ಪರದೆ ಬೆಳಗಿತು. ಆದರೆ ಆಟ ಆರಂಭವಾದೊಡನೆ ಚಿತ್ರಗಳು ಬಸವನಹುಳುವಿನಂತೆ ತೆವಳತೊಡಗಿದವು. ಮಗಳ ಮುಖ ಬಾಡಿತು. ಇಷ್ಟು ಹಣ ಸುರಿದದ್ದು ಇದಕ್ಕೋ?

ಸುಮ್ಮನೆ ಕುಳಿತಿದ್ದ ತಂದೆ ಎದ್ದು ಹಿಂಭಾಗವನ್ನು ನೋಡಿದರು. “ಕಾರ್ಡಿನಲ್ಲೂ ತಂತಿ ಸಿಕ್ಕಿಸುವ ತೂತು ಇದೆಯಲ್ಲಮ್ಮ, ನೀನು ಮೇಲಿನದಕ್ಕೆ ಏಕೆ ಹಾಕಿದ್ದೀ?”

ಪರದೆಯ ತಂತಿಯನ್ನು ಮಗಳು ಗ್ರಾಫಿಕ್ಸ್ ಕಾರ್ಡಿಗೆ ಕೊಡದೆ ಮದರ್‌ಬೋರ್ಡಿಗೆ ಕೊಟ್ಟಿದ್ದಳು. ಚಿತ್ರವನ್ನು ಬರೆಯುತ್ತಿದ್ದುದು ಪ್ರೊಸೆಸರಿನೊಳಗಿದ್ದ ಸಣ್ಣ ಗ್ರಾಫಿಕ್ಸ್ ಭಾಗ. ಕಾರ್ಡು ಕೈಕಟ್ಟಿ ಕುಳಿತಿತ್ತು. ತಂತಿ ಬದಲಾಯಿತು. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60 ಎಂದಿದ್ದುದನ್ನು 144 ಮಾಡಿದರು; ಬಯಾಸಿನಲ್ಲಿ ರ‍್ಯಾಮಿನ ವೇಗವನ್ನು ಪಟ್ಟಿಯ ಮೇಲೆ ಬರೆದಿದ್ದ ವೇಗಕ್ಕೆ ಏರಿಸಿದರು. ಈ ಮೂರನ್ನು ಮರೆತು, ಕೊಂಡ ವಸ್ತುವಿನ ಪೂರ್ಣ ಫಲವನ್ನು ಕಾಣದೆ ವರ್ಷಗಟ್ಟಲೆ ಆಡುವವರೂ ಇದ್ದಾರೆ.

ನಗರವು ಪರದೆಯ ಮೇಲೆ ತಡೆಯಿಲ್ಲದೆ ಹರಿಯಿತು. ತಾಯಿ ಬಿಲ್ಲುಗಳನ್ನು ಒಂದೊಂದಾಗಿ ಜೋಡಿಸಿ, ಎಲ್‌ಐಸಿ ಪಾಲಿಸಿಗಳಿದ್ದ ಫೈಲಿನಲ್ಲಿ ಇಟ್ಟರು. ಮಗಳು ಹಳೆಯ ಪಟ್ಟಿಯ ಹಿಂಬದಿಯಲ್ಲಿ ಒಂದು ಸಾಲು ಬರೆದು ಅದರೊಡನೆ ಸೇರಿಸಿದಳು: “ಬೋರ್ಡಿನಲ್ಲಿ ಎರಡನೆಯ ಎಸ್‌ಎಸ್‌ಡಿಗೆ ಗೂಡು ಖಾಲಿ ಇದೆ. ಬೆಲೆ ಇಳಿದ ಮೇಲೆ ನೋಡುವುದು.”